ಓದುಗರ ಪ್ರಶ್ನೆ, ನಮ್ಮ ಉತ್ತರ: ಬಾಗ್ದಾದಿನ ಮುತ್ತಿಗೆ, 812–813

ಖಲೀಫ ಹಾರೂನ್ ಅಲ್-ರಶೀದ್ 809ರಲ್ಲಿ ತೀರಿಕೊಂಡ ಮೇಲೆ ಅವನ ಇಬ್ಬರು ಮಕ್ಕಳ ನಡುವೆ ಎದ್ದ ಪಟ್ಟದ ಜಗಳದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ಬಾಗ್ದಾದಿನಲ್ಲಿ ಖಲೀಫನಾಗಿದ್ದವನು ಅಮೀನ್. ದೂರದ ಮರ್ವ್‌ನಲ್ಲಿ ಕೂತು ಸೇನೆ ಕಳಿಸಿದವನು ಮಲಸಹೋದರ ಮಾಮೂನ್. ಬಂದ ಪ್ರಶ್ನೆಗಳಲ್ಲಿ ಕೆಲವು ಇಲ್ಲಿವೆ.

ಪ್ರಶ್ನೆ: ಬಾಗ್ದಾದಿನ ದುಂಡು ಕೋಟೆಗೆ ಜೋಡಿ ಗೋಡೆ, ಹೊರಗೆ ನಮ್ಮ ಕೊಡಗಿನ ಕಡಂಗದಂಥ ಕಂದಕ ಇತ್ತು ಎಂದಿರಿ. ಅದನ್ನು ಒಡೆಯಲು ವರ್ಷ ಹಿಡಿಯಿತೆ? (ವಿರಾಜಪೇಟೆ)

ಉತ್ತರ: ಕಾದಾಟ ನಡೆದದ್ದು ಕೋಟೆಯ ಹೊರಗೆ. ಖಲೀಫ ಮನ್ಸೂರ್ 762ರಲ್ಲಿ ಕಟ್ಟಲು ಶುರುಮಾಡಿದ ದುಂಡು ನಗರವನ್ನು ಮೀರಿ ಊರು ಎಂದೋ ಬೆಳೆದಿತ್ತು. ಹರ್ಬಿಯ್ಯ, ಕರ್ಖ್, ಟೈಗ್ರಿಸ್ ನದಿಯಾಚೆಯ ರುಸಾಫ, ಈ ಕೇರಿಗಳಿಗೆಲ್ಲ ಸುತ್ತುಗೋಡೆಯೇ ಇರಲಿಲ್ಲ. ಹಾಗಾಗಿ ದಾಳಿಕಾರರು ಬೀದಿ ಬೀದಿ, ಮನೆ ಮನೆ ಹಿಡಿಯುತ್ತ ಬರಬೇಕಾಯಿತು. ಒಡೆಯಲು ಒಂದೇ ಗೋಡೆ ಇದ್ದಿದ್ದರೆ ಬೇಗ ಮುಗಿಯುತ್ತಿತ್ತೋ ಏನೋ! ಇನ್ನು ಕಂದಕದ ಮಾತು. ಕಡಂಗ ಊರಿನವರು ತಮ್ಮ ನಾಡಿನ ರಕ್ಷಣೆಗೆ ತೋಡಿಕೊಂಡದ್ದು. ಈ ಮುತ್ತಿಗೆಯಲ್ಲಿ ಹೊಸದಾಗಿ ಕಂದಕ ತೋಡಿದವರು ಹೆಚ್ಚಾಗಿ ಮುತ್ತಿದವರೇ. ಮಾಮೂನನ ಸೇನಾಪತಿ ತಾಹಿರ್ ತನಗೆ ಶರಣಾದ ಕೇರಿಗಳ ಸುತ್ತ ಅಗೆಸಿ, ಕಾವಲು ಹಾಕಿದ.

ಪ್ರಶ್ನೆ: ನದಿ ದಂಡೆಯ ಊರಿಗೆ ಊಟ ನಿಲ್ಲಿಸುವುದು ಹೇಗೆ? ರಾತ್ರಿ ದೋಣಿಯಲ್ಲಿ ತರಬಹುದಲ್ಲ? (ಕುಶಾಲನಗರ)

ಉತ್ತರ: ಇಡೀ ಮುತ್ತಿಗೆಯ ಗುಟ್ಟು ಇಲ್ಲೇ ಇದೆ. 812ರ ಆಗಸ್ಟ್‌ನಲ್ಲಿ ಮಾಮೂನನ ಸೇನಾನಿಗಳು ಬೀಡು ಬಿಟ್ಟ ಜಾಗಗಳನ್ನು ನೋಡಿ. ಪಶ್ಚಿಮದಲ್ಲಿ ಅನ್ಬಾರ್ ಬಾಗಿಲ ಹೊರಗಿನ ತೋಟದಲ್ಲಿ ತಾಹಿರ್. ಪೂರ್ವ ದಡದ ನಹರ್ ಬೀನ್‌ನಲ್ಲಿ ಹರ್ಸಮ. ನದಿ ಕೆಳಗಿನ ಕಲ್ವಾಧದಲ್ಲಿ ಜುಹೈರ್. ಬಸ್ರಾ, ವಾಸಿತ್ ಕಡೆಯಿಂದ ಸರಕು ಹತ್ತಿ ಬರುವ ದಾರಿಯಲ್ಲೇ ಕೂತ ಜುಹೈರ್ ವರ್ತಕರಿಂದ ಸುಂಕವನ್ನೂ ವಸೂಲಿ ಮಾಡಿದ. ಆಮೇಲೆ ತಾಹಿರ್ ಹಡಗುಗಳನ್ನು ಯೂಫ್ರಟಿಸ್ ಕಡೆಗೆ ತಿರುಗಿಸಿದ. ಅವನ ಕೈಲಿದ್ದ ಕೇರಿಗಳಲ್ಲಿ ಧಾನ್ಯ ಸಿಗುತ್ತಿತ್ತು, ಅಮೀನನ ಕೇರಿಗಳಲ್ಲಿ ಬೆಲೆ ಏರುತ್ತ ಹೋಯಿತು. ಸಂಬಳಕ್ಕೆ ಹಣ ಸಾಲದೆ ಅಮೀನ್ ಅರಮನೆಯ ಬೆಳ್ಳಿ ಬಂಗಾರದ ಪಾತ್ರೆಗಳನ್ನೇ ಕರಗಿಸಿ ನಾಣ್ಯ ಹೊಡೆಸಿದ.

ಇಷ್ಟಾದರೂ ಎರಡು ದಡಗಳನ್ನು ಜೋಡಿಸಿದ್ದ ತೇಲುಸೇತುವೆ ಇರುವತನಕ ಪಟ್ಟಣ ಉಸಿರಾಡುತ್ತಿತ್ತು. ದೋಣಿಗಳನ್ನು ಸಾಲಾಗಿ ಕಟ್ಟಿ ಮೇಲೆ ಹಲಗೆ ಹಾಸಿದ ಸೇತುವೆ ಅದು; ಕಟ್ಟು ಕಡಿದರೆ ಮುಗಿಯಿತು. 813ರ ಸೆಪ್ಟೆಂಬರ್‌ನಲ್ಲಿ ಅದನ್ನು ಕಡಿದವರು ಹೊರಗಿನವರಲ್ಲ, ಪಕ್ಷ ಬದಲಿಸಿದ ಪಟ್ಟಣದ ದೊಡ್ಡ ಮನುಷ್ಯ ಖುಜೈಮ ಮತ್ತು ಅವನ ಜೊತೆಯವರು. ಪೂರ್ವ ದಡ ಹರ್ಸಮನ ಪಾಲಾಯಿತು, ಮರುದಿನವೇ ತಾಹಿರ್ ಕರ್ಖ್ ಮೇಲೆ ಬಿದ್ದ.

ಪ್ರಶ್ನೆ: ಕಲ್ಲೆಸೆಯುವ ಯಂತ್ರ ಹೇಗೆ ಕೆಲಸ ಮಾಡುತ್ತಿತ್ತು? (ಸೋಮವಾರಪೇಟೆ)

ಉತ್ತರ: ಇದು ತೂಕದ ಪೆಟ್ಟಿಗೆ ಕಟ್ಟಿದ ಯಂತ್ರವಲ್ಲ, ಅದು ಶತಮಾನಗಳ ನಂತರದ್ದು. ಇಲ್ಲಿ ಬೇಕಾದದ್ದು ಆಳುಗಳ ರಟ್ಟೆ. ಎತ್ತರದ ಚೌಕಟ್ಟಿನ ಮೇಲೆ ಅಚ್ಚು, ಅದರ ಮೇಲೆ ಏತದ ಹಾಗೆ ಬಾಗಿ ಏಳುವ ಉದ್ದ ತೊಲೆ. ಗಿಡ್ಡ ತುದಿಗೆ ಹಲವು ಹಗ್ಗ, ಉದ್ದ ತುದಿಗೆ ಕವಣೆ. ಒಬ್ಬ ಕಲ್ಲಿಟ್ಟ ಕವಣೆಯನ್ನು ಬಿಗಿಯಾಗಿ ಹಿಡಿದಿರುತ್ತಾನೆ. ಉಳಿದವರು ಒಟ್ಟಿಗೆ ಹಗ್ಗ ಜಗ್ಗಿ ತೊಲೆ ಬಾಗಿದಾಗ ಅವನು ಕೈಬಿಡಬೇಕು. ಕವಣೆಯ ಒಂದು ಕೊನೆ ಕೊಕ್ಕೆಯಿಂದ ಜಾರಿ ಕಲ್ಲು ಹಾರುತ್ತದೆ. ಬೇಗ ಜಾರಿದರೆ ಕಲ್ಲು ನೆತ್ತಿಯ ಮೇಲೆ ಹೋಗುತ್ತದೆ, ತಡವಾದರೆ ಎದುರಿಗೇ ನೆಲಕ್ಕೆ ಬಡಿಯುತ್ತದೆ. ಜಗ್ಗುವವರ ತಾಳ ತಪ್ಪಿದರೂ, ಕಲ್ಲಿನ ತೂಕ ಒಂದೇ ಸಮ ಇಲ್ಲದಿದ್ದರೂ ಗುರಿ ಕೆಡುತ್ತದೆ. ಬಾಗ್ದಾದ್ ಸುತ್ತ ಇರುವುದು ಮೆಕ್ಕಲುಮಣ್ಣು. ನಮ್ಮಲ್ಲಿಯಂತೆ ಗುಡ್ಡ ಅಗೆದಲ್ಲೆಲ್ಲ ಬಂಡೆ ಸಿಗುವ ನೆಲವಲ್ಲ. ಬಿದ್ದ ಕಲ್ಲು ಸೈನಿಕನನ್ನು ಹುಡುಕಿಕೊಂಡು ಹೋಗುವುದೂ ಇಲ್ಲ. ಸತ್ತವರಲ್ಲಿ ಯುದ್ಧಕ್ಕೆ ಸಂಬಂಧವೇ ಇಲ್ಲದ ಮನೆಮಂದಿ ಬಹಳ.

ಪ್ರಶ್ನೆ: ‘ಬೆತ್ತಲೆ ದಂಡು’ ಎಂದರೆ ಯಾರು? (ಪೊನ್ನಂಪೇಟೆ)

ಉತ್ತರ: ಅಮೀನನ ಪರ ನಿಂತ ಬೀದಿಯ ಬಡವರು. ಮೈಮೇಲೆ ಕವಚವಿಲ್ಲದ್ದಕ್ಕೆ ಆ ಹೆಸರು. ಡಾಂಬರು ಬಳಿದ ಚಾಪೆಯೇ ಗುರಾಣಿ, ಕೈಯಲ್ಲಿ ಕವಣೆ, ಕಂಕುಳಲ್ಲಿ ಕಲ್ಲಿನ ಚೀಲ. ಮುತ್ತಿದ ಸೇನೆಯ ಖುರಾಸಾನಿ ಬಿಲ್ಲುಗಾರನೊಬ್ಬ ಇಂಥವನೊಬ್ಬನ ಮೇಲೆ ಬಾಣ ಬಿಡುತ್ತ ಹೋದ. ಇವನು ಚಾಪೆಗೆ ಚುಚ್ಚಿದ್ದನ್ನೆಲ್ಲ ಕಿತ್ತಿಟ್ಟುಕೊಳ್ಳುತ್ತ ಪ್ರತಿ ಬಾಣಕ್ಕೂ ‘ಒಂದು ದಾನಿಕ್!’ (ಆಗಿನ ಸಣ್ಣ ನಾಣ್ಯ) ಎಂದು ಮಾರುಕಟ್ಟೆ ದರ ಕೂಗಿದ. ಬತ್ತಳಿಕೆ ಖಾಲಿಯಾದ ಮೇಲೆ ಕವಣೆಯಿಂದ ಅವನ ಕಣ್ಣಿಗೇ ಹೊಡೆದ. ಹಳೆಯ ಅರಬ್ಬಿ ಚರಿತ್ರೆಕಾರರು ಇದನ್ನು ರಸವತ್ತಾಗಿಯೇ ಬರೆದಿದ್ದಾರೆ.

ಪ್ರಶ್ನೆ: ಅಮೀನ್ ತಾಹಿರನಿಗೇ ಯಾಕೆ ಶರಣಾಗಲಿಲ್ಲ? (ನಾಪೋಕ್ಲು)

ಉತ್ತರ: ಹರ್ಸಮ ಹಾರೂನನ ಕಾಲದ ಹಿರಿಯ ಸೇನಾನಿ, ನಂಬಿಕೆಯವನು. ತಾಹಿರನ ಮೇಲೆ ಆ ನಂಬಿಕೆ ಇರಲಿಲ್ಲ. ದೇಹ ಹರ್ಸಮನಿಗೆ, ರಾಜಲಾಂಛನ ತಾಹಿರನಿಗೆ ಎಂಬ ರಾಜಿಯೂ ಆಗಿತ್ತು. ಆದರೆ ರಾತ್ರಿ ಅಮೀನ್ ಹತ್ತಿದ ದೋಣಿಯನ್ನು ತಾಹಿರನ ಜನ ಮಗುಚಿದರು. ಈಜಿ ದಡ ಸೇರಿದವನನ್ನು ಹಿಡಿದು ಒಂದು ಮನೆಯಲ್ಲಿ ಕೂಡಿಹಾಕಿ, ಅದೇ ರಾತ್ರಿ ಕೊಂದರು. ಕತ್ತಿ ಹಿಡಿದು ಬಂದವರ ಎದುರು ಅವನ ಕೈಲಿದ್ದದ್ದು ಒಂದು ದಿಂಬು.

ಪ್ರಶ್ನೆ: ಆಮೇಲಾದರೂ ಊರಿಗೆ ಗೋಡೆ ಕಟ್ಟಿದರೆ? (ಮಡಿಕೇರಿ)

ಉತ್ತರ: 865ರಲ್ಲಿ, ಮುಸ್ತಈನ್ ಮತ್ತು ಮುಅ್‌ತಜ್ ಎಂಬ ಇಬ್ಬರು ಖಲೀಫರ ಜಗಳದಲ್ಲಿ. ಎರಡೂ ದಡಕ್ಕೆ ಗೋಡೆ, ಕಂದಕ. ಖರ್ಚು 3,30,000 ದೀನಾರ್. ಬಾಗ್ದಾದಿನ ರಕ್ಷಣೆ ಹೊತ್ತವನು ಇದೇ ತಾಹಿರನ ಮೊಮ್ಮಗ ಮುಹಮ್ಮದ್. ಅವನೂ ಕೊನೆಗೆ ಸಂಧಾನಕ್ಕೆ ಇಳಿದ, 866ರ ಜನವರಿಯಲ್ಲಿ ಮುಸ್ತಈನ್ ಪಟ್ಟ ಬಿಟ್ಟ.