ಸಿಪಾಯಿಯಾಗಿದ್ದ ಮುತ್ತಾತ ಚಿನ್ನದ ಗಣಿಗೆ ಬಂದರು: ಅವರ ದಾಖಲೆ ಎಲ್ಲಿ ಹುಡುಕಬೇಕು?

ಪ್ರಶ್ನೆ: ನಮ್ಮ ಮುತ್ತಾತ ಮೊದಲ ಮಹಾಯುದ್ಧಕ್ಕೆ ಹೋಗಿ ಬಂದವರು. ಆಮೇಲೆ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದರು ಅಂತ ಮನೆಯಲ್ಲಿ ಹೇಳುತ್ತಾರೆ. ಅವರ ಗುರುತಿಗೆ ನಮ್ಮ ಹತ್ತಿರ ಉಳಿದಿರುವುದು ಒಂದು ಬೆಳ್ಳಿ ಮೆಡಲ್ ಮಾತ್ರ. ಇಂಟರ್‌ನೆಟ್‌ನಲ್ಲಿ ಎಷ್ಟು ಹುಡುಕಿದರೂ ಹೆಸರು ಸಿಗುತ್ತಿಲ್ಲ. ಕೆಜಿಎಫ್ ಗಣಿ ಶುರು ಮಾಡಿದ ಲ್ಯಾವೆಲ್ಲೆ ಕೂಡ ಸೈನ್ಯದಿಂದ ಬಂದವರಂತೆ. ಅವರ ಬಗ್ಗೆ ಅಷ್ಟು ಗೊತ್ತಿರುವಾಗ ನಮ್ಮ ಮುತ್ತಾತನ ಬಗ್ಗೆ ಏನೂ ಯಾಕೆ ಸಿಗುವುದಿಲ್ಲ?
- ಓದುಗರು, ಬಂಗಾರಪೇಟೆ

ಉತ್ತರ: ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಲ್ಯಾವೆಲ್ಲೆ ಬಗ್ಗೆ ನಮಗೆ ಗೊತ್ತಿರುವುದು ಅವರು ಸೈನ್ಯದಲ್ಲಿದ್ದರು ಅನ್ನುವ ಕಾರಣಕ್ಕಲ್ಲ. ಅವರು ಸರ್ಕಾರಕ್ಕೆ ಅರ್ಜಿ ಹಾಕಿದರು, ಅದಕ್ಕೆ. ಅರ್ಜಿ ಹಾಕಿದವರ ಹೆಸರು ಕಡತದಲ್ಲಿ ಕೂರುತ್ತದೆ. ನಿಮ್ಮ ಮುತ್ತಾತ ಅರ್ಜಿ ಹಾಕಲಿಲ್ಲ, ಮೈಮುರಿದು ದುಡಿದು ಕೂಲಿ ತೆಗೆದುಕೊಂಡರು. ಆದರೆ ಕೂಲಿಗೂ ಲೆಕ್ಕ ಇರುತ್ತದೆ ಅಲ್ವಾ? ಸೈನ್ಯದ ಸಂಬಳಕ್ಕೂ ಲೆಕ್ಕ ಇರುತ್ತದೆ. ದುಡ್ಡು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದ ಕಡೆಯಲ್ಲೆಲ್ಲ ಒಂದು ಕಾಗದ ಹುಟ್ಟಿರುತ್ತದೆ. ಆ ಜಾಡು ಹಿಡಿಯಬೇಕು.

ಲ್ಯಾವೆಲ್ಲೆ ಅವರ ಕಥೆಯನ್ನೇ ನೋಡಿ. ಮೈಕೆಲ್ ಫಿಟ್ಜ್‌ಜೆರಾಲ್ಡ್ ಲ್ಯಾವೆಲ್ಲೆ ಐರ್ಲೆಂಡಿನವರು. ನ್ಯೂಜಿಲೆಂಡಿನ ಮಾವೊರಿ ಯುದ್ಧದಲ್ಲಿದ್ದು, ಸೈನ್ಯ ಬಿಟ್ಟು ಬೆಂಗಳೂರು ದಂಡಿನಲ್ಲಿ ನೆಲೆಸಿದರು. ಅವರಿಗಿಂತ ಮೊದಲು, 1802ರಲ್ಲಿ, 33ನೇ ರೆಜಿಮೆಂಟಿನ ಲೆಫ್ಟಿನೆಂಟ್ ಜಾನ್ ವಾರನ್ ಮೈಸೂರಿನ ಪೂರ್ವದ ಗಡಿ ಅಳೆಯಲು ಬಂದಿದ್ದರು. ಉರಿಗಾಂ, ಮಾರಿಕುಪ್ಪಂ ಕಡೆ ಹಳ್ಳಿಯ ಜನ ಮಣ್ಣು ತೊಳೆದು ಚಿನ್ನದ ಪುಡಿ ತೆಗೆಯುವುದನ್ನು ನೋಡಿ ಬರೆದಿಟ್ಟರು. ಆ ಬರಹ ಲ್ಯಾವೆಲ್ಲೆ ಕಣ್ಣಿಗೆ ಬಿತ್ತು. 1871ರಲ್ಲಿ ಎತ್ತಿನ ಗಾಡಿ ಕಟ್ಟಿಸಿಕೊಂಡು ಕೋಲಾರಕ್ಕೆ ಹೋದರು. 1873ರಲ್ಲಿ ಗಣಿ ತೋಡಲು ಅನುಮತಿ ಕೇಳಿದರು. 1875ರಲ್ಲಿ 20 ವರ್ಷದ ಗುತ್ತಿಗೆ ಸಿಕ್ಕಿತು, ಉರಿಗಾಂ ಹತ್ತಿರ ಗಣಿಯ ಬಾವಿ ತೋಡಿಸಿದರು. ಕೈಯಲ್ಲಿದ್ದ ದುಡ್ಡು ಸಾಲಲಿಲ್ಲ. ಒಂದೆರಡು ವರ್ಷದಲ್ಲೇ ಹಕ್ಕನ್ನೆಲ್ಲ ಮದ್ರಾಸ್ ಸ್ಟಾಫ್ ಕೋರ್‌ನ ಮೇಜರ್ ಜನರಲ್ ಬೆರೆಸ್ಫರ್ಡ್ ಮತ್ತು ಅವರ ಸ್ನೇಹಿತರಿಗೆ ಬಿಟ್ಟುಕೊಟ್ಟರು. ಬೆಂಗಳೂರಿನ ಲ್ಯಾವೆಲ್ಲೆ ರಸ್ತೆಗೆ ಹೆಸರು ಬಂದದ್ದು ಇವರಿಂದಲೇ.

ಈ ಕಥೆಯಲ್ಲಿ ಗಣಿಯ ಭಾಗಕ್ಕೆ ಸಾಕ್ಷಿ ಗಟ್ಟಿಯಾಗಿದೆ, ಸೈನ್ಯದ ಭಾಗಕ್ಕೆ ತೆಳುವಾಗಿದೆ. 1831ರಿಂದ 1881ರವರೆಗೆ ಮೈಸೂರು ಬ್ರಿಟಿಷ್ ಕಮಿಷನರ್‌ಗಳ ಆಡಳಿತದಲ್ಲಿತ್ತು. ಹಾಗಾಗಿ ಆ ಕಾಲದ ಗಣಿ ಗುತ್ತಿಗೆಯ ಪತ್ರಗಳನ್ನು ಎರಡು ಕಡೆ ನೋಡಬೇಕು. ಒಂದು, ವಿಧಾನಸೌಧದಲ್ಲಿರುವ ಕರ್ನಾಟಕ ರಾಜ್ಯ ಪತ್ರಾಗಾರ. ಇನ್ನೊಂದು, ದೆಹಲಿಯ ರಾಷ್ಟ್ರೀಯ ಪತ್ರಾಗಾರ. ದೆಹಲಿಯವರ ಪಟ್ಟಿಯನ್ನು ಅಭಿಲೇಖ್ ಪಟಲ್ ಎಂಬ ಜಾಲತಾಣದಲ್ಲಿ ಮನೆಯಿಂದಲೇ ಹುಡುಕಬಹುದು. ಗಣಿ ಕಂಪನಿಗಳು ನೋಂದಣಿಯಾದದ್ದು ಇಂಗ್ಲೆಂಡಿನಲ್ಲಿ. ಅಲ್ಲಿ ಮುಚ್ಚಿಹೋದ ಕಂಪನಿಗಳ ಕಡತಗಳು ಲಂಡನ್ ಹತ್ತಿರದ ಕ್ಯೂ ಎಂಬ ಊರಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಬಿಟಿ 31 (BT 31) ಎಂಬ ಕಡತಗಳ ಸಾಲಿನಲ್ಲಿವೆ. ಷೇರುದಾರರ ಹೆಸರು ಅದರಲ್ಲಿರುತ್ತದೆ. ಯಾರ ಹಣ ಎಲ್ಲಿತ್ತು ಅಂತ ತಿಳಿಯಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಲ್ಯಾವೆಲ್ಲೆಯಂಥ ಬ್ರಿಟಿಷ್ ಸೈನ್ಯದವರ ಬಗ್ಗೆ ಮೊದಲು ಕೇಳಬೇಕಾದ್ದು: ಈ ಮನುಷ್ಯ ಅಧಿಕಾರಿಯೋ, ಸಾಮಾನ್ಯ ಸಿಪಾಯಿಯೋ? ಇದು ಗೊತ್ತಾಗದೆ ಮುಂದೆ ಹೋದರೆ ತಿಂಗಳುಗಟ್ಟಲೆ ಸುಮ್ನೆ ಹಾಳು. ಬ್ರಿಟಿಷ್ ಅಧಿಕಾರಿಯಾದರೆ ಆರ್ಮಿ ಲಿಸ್ಟ್ ಎಂಬ ಅಚ್ಚಾದ ಅಧಿಕಾರಿಗಳ ಪಟ್ಟಿಯಲ್ಲಿ ಹೆಸರು ಇರಲೇಬೇಕು. ಇಲ್ಲದಿದ್ದರೆ ಕ್ಯೂನಲ್ಲಿರುವ ಹಾಜರಿ ಮತ್ತು ಸಂಬಳದ ಪುಸ್ತಕಗಳಿಗೆ ಹೋಗಬೇಕು. ಪಿಂಚಣಿ ಪಡೆದು ಹೊರಬಂದ ಸಿಪಾಯಿಗಳ ಕಾಗದಗಳು ಡಬ್ಲ್ಯುಒ 97 (WO 97) ಎಂಬ ಕಡತಗಳ ಸಾಲಿನಲ್ಲಿವೆ. ಹುಟ್ಟಿದ ಊರು, ಸೇರುವ ಮೊದಲು ಮಾಡುತ್ತಿದ್ದ ಕೆಲಸ, ಎತ್ತರ, ಕಣ್ಣಿನ ಬಣ್ಣ ಎಲ್ಲ ಅದರಲ್ಲಿ ಬರೆದಿರುತ್ತಾರೆ. ನ್ಯೂಜಿಲೆಂಡ್ ಯುದ್ಧದ ಮೆಡಲ್ ಮಂಜೂರಾದದ್ದು 1869ರಲ್ಲಿ, ಅದೂ ಆಗ ಬದುಕಿದ್ದವರಿಗೆ ಮಾತ್ರ. ಹಾಗಾಗಿ ಆ ಮೆಡಲ್ ಪಟ್ಟಿಯಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಆ ಮನುಷ್ಯ ಯುದ್ಧಕ್ಕೇ ಹೋಗಿರಲಿಲ್ಲ ಅಂತ ತೀರ್ಮಾನಿಸಬಾರದು.

ಈಗ ನಿಮ್ಮ ಮುತ್ತಾತನ ವಿಷಯ. ನನಗೆ ಇದೇ ಹೆಚ್ಚು ಮುಖ್ಯ. ಲ್ಯಾವೆಲ್ಲೆ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಭೂಮಿಯೊಳಗೆ ಇಳಿದು ಕಲ್ಲು ಒಡೆದವರ ಬಗ್ಗೆ ಅವರ ಮನೆಯವರೇ ಹುಡುಕಬೇಕು.

ಮೆಡಲ್ ಕೈಗೆತ್ತಿಕೊಳ್ಳಿ. ಪಾಲಿಶ್ ಮಾಡಬೇಡಿ. ಅಂಚನ್ನು ಬೆಳಕಿಗೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ನಂಬರ್, ದರ್ಜೆ, ಹೆಸರು, ಪಡೆ, ಈ ನಾಲ್ಕನ್ನು ಅಲ್ಲಿ ಒತ್ತಿರುತ್ತಾರೆ. ಆ ಯುದ್ಧದ ಬ್ರಿಟಿಷ್ ವಾರ್ ಮೆಡಲ್ ಸಿಪಾಯಿಗಳಿಗೆ ಬೆಳ್ಳಿಯದ್ದು, ಕೂಲಿ ಪಡೆಯವರಿಗೆ ಕಂಚಿನದ್ದು ಕೊಟ್ಟರು. ನಿಮ್ಮದು ಬೆಳ್ಳಿ ಅಂದಿದ್ದೀರಿ. ಅದೇ ಮೆಡಲ್ ಆದರೆ ಮುತ್ತಾತ ಕೂಲಿ ಪಡೆಯಲ್ಲಿ ಇರಲಿಲ್ಲ ಎಂದಾಯಿತು. ನಂಬರ್ ಒಂದನ್ನೇ ನೆಚ್ಚಿಕೊಳ್ಳಬೇಡಿ. ಆಗ ಪ್ರತಿ ಪಡೆಗೂ ಅದರದೇ ನಂಬರ್ ಸಾಲು ಇತ್ತು. ಒಂದೇ ನಂಬರ್ ಹತ್ತು ಪಡೆಗಳಲ್ಲಿ ಹತ್ತು ಜನರಿಗೆ ಇರಬಹುದು. ಪಡೆಯ ಹೆಸರು ಸಿಕ್ಕರೆ ಮಾತ್ರ ನಂಬರ್‌ಗೆ ಅರ್ಥ.

ನಮ್ಮ ಕಡೆಯಿಂದ ಹೋದವರು ಜಾಸ್ತಿ ಸೇರಿದ್ದು ಕರ್ನಾಟಿಕ್ ಇನ್‌ಫೆಂಟ್ರಿ ಎಂಬ ಹೆಸರಿನ ಪಡೆಗಳು, 61, 64, 81ನೇ ಪಯನಿಯರ್ಸ್, ಬೆಂಗಳೂರಿನ ಸ್ಯಾಪರ್ಸ್ ಅಂಡ್ ಮೈನರ್ಸ್. ಈ ಕೊನೆಯ ಪಡೆಯಲ್ಲಿ ಒಂದು ಎಡವಟ್ಟು ಇದೆ. ಹೆಸರಿನಲ್ಲಿ ಮೈನರ್ ಅಂತ ಇರುವುದರಿಂದ ಎಷ್ಟೋ ಮನೆಗಳಲ್ಲಿ ತಾತ ಗಣಿಯಲ್ಲಿದ್ದರು ಅಂತ ಮಾತು ಹುಟ್ಟಿಕೊಂಡಿದೆ. ಅವರು ಸೈನ್ಯಕ್ಕೆ ಸೇತುವೆ, ರಸ್ತೆ, ಸುರಂಗ ಮಾಡಿದವರು. ಚಿನ್ನದ ಗಣಿಗೂ ಆ ಹೆಸರಿಗೂ ಸಂಬಂಧ ಇಲ್ಲ. ಮೆಡಲ್ ಮೇಲೆ ಈ ಪಡೆಯ ಹೆಸರಿದ್ದರೆ, ಗಣಿಯ ಕೆಲಸಕ್ಕೆ ಬೇರೆ ಸಾಕ್ಷಿ ಸಿಗುವವರೆಗೂ ಅದನ್ನು ನಂಬಬೇಡಿ.

ಪಯನಿಯರ್ಸ್ ಅಂದರೆ ಬಂದೂಕಿನ ಜೊತೆ ಗುದ್ದಲಿ, ಪಿಕಾಸಿ ಹಿಡಿದ ಪಡೆ. ಬೆಂಗಳೂರಿನ ಬ್ರಿಗೇಡ್ ರಸ್ತೆ ತುದಿಯ ಯುದ್ಧ ಸ್ಮಾರಕ ಇವರದ್ದು. ಮದ್ರಾಸ್ ಪಯನಿಯರ್ಸ್ ಪಡೆಯನ್ನು 1933ರಲ್ಲಿ ಮುಚ್ಚಿದರು. ಕರ್ನಾಟಿಕ್ ಪಡೆಗಳೂ 1920ರ ದಶಕದಲ್ಲೇ ಕರಗಿಹೋದವು. ಇದು ನಿಮಗೆ ಉಪಯೋಗಕ್ಕೆ ಬರುತ್ತದೆ. ಮುತ್ತಾತ ಗಣಿಗೆ ಬಂದದ್ದು ಸುಮಾರು 1920ರಲ್ಲಾದರೆ ಯುದ್ಧ ಮುಗಿದ ಮೇಲೆ ಬಿಡುಗಡೆಯಾದವರಲ್ಲಿ ಒಬ್ಬರಿರಬೇಕು. 1930ರ ಹತ್ತಿರವಾದರೆ ಪಡೆಯೇ ಮುಚ್ಚಿ ಕೆಲಸ ಹೋದವರಿರಬಹುದು. ಮನೆಯ ಹಿರಿಯರನ್ನು ಇಸವಿ ಕೇಳಬೇಡಿ, ನೆನಪಿರುವುದಿಲ್ಲ. ಅವರು ಗಣಿಗೆ ಸೇರಿದಾಗ ಯಾವ ಮಗು ಹುಟ್ಟಿತ್ತು, ಮಗಳ ಮದುವೆ ಆಗಿತ್ತಾ ಅಂತ ಕೇಳಿ. ಇಸವಿ ತಾನಾಗಿ ಹತ್ತಿರ ಬರುತ್ತದೆ.

ಇನ್ನು ಇಂಟರ್‌ನೆಟ್‌ನಲ್ಲಿ ನೀವು ಹುಡುಕಿರಬಹುದಾದ ಜಾಗಗಳ ಬಗ್ಗೆ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿರುವುದು ಸತ್ತವರ ಹೆಸರು. ಮುತ್ತಾತ ವಾಪಸ್ ಬಂದರಲ್ಲ, ಅಲ್ಲಿ ಸಿಗುವುದಿಲ್ಲ. ಲಾಹೋರ್ ಮ್ಯೂಸಿಯಂನಲ್ಲಿ ಸಿಕ್ಕ ದೊಡ್ಡ ರಿಜಿಸ್ಟರ್‌ಗಳನ್ನು ಈಗ ಇಂಟರ್‌ನೆಟ್‌ಗೆ ಹಾಕಿದ್ದಾರೆ. ಅದು ಪಂಜಾಬಿನವರದ್ದು. ಹಳೆಯ ಜನಗಣತಿಯಲ್ಲಿ ಮನೆಮನೆಯ ಹೆಸರು ಉಳಿಸಿಲ್ಲ, ಬರೀ ಅಂಕಿಗಳಿವೆ. ಭಾರತೀಯ ಸಿಪಾಯಿಗಳ ಸೇವಾ ಕಾಗದಗಳು ಲಂಡನ್‌ಗೆ ಹೋದದ್ದು ಕಮ್ಮಿ. ಅವು ಸಾಮಾನ್ಯವಾಗಿ ಪಡೆಗಳ ಬಳಿಯೇ ಉಳಿದವು. ಸ್ಯಾಪರ್ಸ್ ಆದರೆ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ಗೆ, ಕಾಲಾಳು ಪಡೆಯಾದರೆ ತಮಿಳುನಾಡಿನ ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿರುವ ಮದ್ರಾಸ್ ರೆಜಿಮೆಂಟ್‌ಗೆ ಬರೆದು ಕೇಳಿ. ಪತ್ರದಲ್ಲಿ ನಂಬರ್, ಪಡೆ, ಊರು, ತಂದೆಯ ಹೆಸರು ಇರಲಿ.

ಅಟ್ಟದ ಪೆಟ್ಟಿಗೆಯನ್ನೂ ಒಮ್ಮೆ ಕೆಳಗಿಳಿಸಿ. ಸೈನ್ಯದಿಂದ ಬಿಡುಗಡೆಯಾದಾಗ ಕೊಟ್ಟ ಡಿಸ್ಚಾರ್ಜ್ ಸರ್ಟಿಫಿಕೇಟ್ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಊರು, ತಾಲ್ಲೂಕು, ಮೈಮೇಲಿನ ಗುರುತು ಅದರಲ್ಲಿ ಇರುತ್ತದೆ. ಮೂಲ ಊರು ಗೊತ್ತಾದರೆ ಅಲ್ಲಿಗೂ ಹೋಗಿ ಬನ್ನಿ. ಕೆಜಿಎಫ್‌ಗೆ ಬಂದವರಲ್ಲಿ ತುಂಬಾ ಜನ ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯವರು. ಆ ಕಡೆಯ ಕೆಲವು ಹಳ್ಳಿಗಳಲ್ಲಿ ಪುಟ್ಟ ಅಮೃತಶಿಲೆಯ ಫಲಕ ಇರುತ್ತದೆ. 1914ರಿಂದ 1919ರವರೆಗೆ ಈ ಊರಿನಿಂದ ಇಷ್ಟು ಜನ ಯುದ್ಧಕ್ಕೆ ಹೋದರು, ಇಷ್ಟು ಜನ ಪ್ರಾಣ ಕೊಟ್ಟರು ಎಂದು ಅದರಲ್ಲಿ ಬರೆದಿದೆ. ಹೆಸರಿಲ್ಲ. ಆದರೂ ಊರಿನಿಂದ ಹೋದವರು ನಾಲ್ಕೇ ಜನ ಎಂದಾದರೆ, ಆ ನಾಲ್ವರ ಮನೆ ಯಾವುದು ಅಂತ ಊರವರು ಹೇಳಬಲ್ಲರು.

ಗಣಿಯ ಕಡೆ ಬರೋಣ. ಚಾಂಪಿಯನ್ ರೀಫ್, ಮೈಸೂರು, ಉರಿಗಾಂ, ನಂದಿದುರ್ಗ ಗಣಿಗಳು ಬೇರೆ ಬೇರೆ ಕಂಪನಿಗಳು. ನಾಲ್ಕನ್ನೂ ನಡೆಸುತ್ತಿದ್ದವರು ಜಾನ್ ಟೇಲರ್ ಅಂಡ್ ಸನ್ಸ್. ಕೂಲಿಗಳಲ್ಲಿ ದೊಡ್ಡ ಭಾಗ ಕಂಟ್ರಾಕ್ಟರ್ ಕೆಳಗೆ ಇದ್ದರು. ಹಾಗಾಗಿ ಕಂಪನಿ ಪುಸ್ತಕದಲ್ಲಿ ಹೆಸರಿಲ್ಲ ಅಂದರೆ ಕೆಲಸ ಮಾಡಿಲ್ಲ ಎಂದಲ್ಲ, ಕಂಟ್ರಾಕ್ಟರ್ ಹಾಜರಿಯಲ್ಲಿ ಇದ್ದಿರಬಹುದು. ಕೂಲಿಗಳನ್ನು ಬೆರಳಚ್ಚಿನಿಂದ ಗುರುತಿಸಿ ದಾಖಲು ಮಾಡಲು ಹೊರಟಾಗ 1930ರಲ್ಲಿ ದೊಡ್ಡ ಮುಷ್ಕರವೇ ಆಯಿತು. ಅವರು ಸಿಟ್ಟಿಗೆದ್ದದ್ದು ನ್ಯಾಯವೇ. ತಮ್ಮ ಮೇಲೆ ಕಣ್ಣಿಡಲು ಮಾಡುತ್ತಿದ್ದ ಪಟ್ಟಿ ಅದು ಅಂತ ಅವರಿಗೆ ಗೊತ್ತಿತ್ತು. ಆ ಮುಷ್ಕರದ ಕಡತ, ಗಣಿ ಅಪಘಾತಗಳ ವರದಿ ಇಂಥವನ್ನು ರಾಜ್ಯ ಪತ್ರಾಗಾರದ ಮೈಸೂರು ಸರ್ಕಾರದ ದಾಖಲೆಗಳಲ್ಲಿ ಹುಡುಕಿ.

ಗಣಿಗಳು 1956ರಲ್ಲಿ ಮೈಸೂರು ಸರ್ಕಾರಕ್ಕೆ, 1962ರಲ್ಲಿ ಕೇಂದ್ರಕ್ಕೆ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್‌ಗೆ ಬಂದವು. 2001ರ ಫೆಬ್ರವರಿ 28ಕ್ಕೆ ಕೆಲಸ ನಿಂತಿತು. ಭಾರತ್ ಗೋಲ್ಡ್ ಮೈನ್ಸ್ ಕೇಂದ್ರದ ಕಂಪನಿಯಾದ್ದರಿಂದ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಮುತ್ತಾತನ ಹೆಸರು ಮಾತ್ರ ಕೊಡಬೇಡಿ. ಅವರ ಮಗನೋ ಮೊಮ್ಮಗನೋ ಅದೇ ಗಣಿಗೆ ಸೇರಿದ್ದರೆ ಅವರ ಟಿಕೆಟ್ ನಂಬರನ್ನೂ (ಗಣಿಯಲ್ಲಿ ಕೆಲಸಗಾರರಿಗೆ ಕೊಟ್ಟ ನಂಬರ್), ಇದ್ದ ಲೈನಿನ, ಅಂದರೆ ಕೂಲಿಗಳ ಮನೆಸಾಲಿನ, ಹೆಸರನ್ನೂ ಬರೆಯಿರಿ. ಈಚಿನವರ ಕಾಗದ ಸಿಗುವುದು ಸುಲಭ, ಅದರಲ್ಲಿ ಹಿಂದಿನವರ ಹೆಸರು ಇರುತ್ತದೆ. ಜೊತೆಗೆ ರಾಬರ್ಟ್‌ಸನ್‌ಪೇಟೆಯ ನಗರಸಭೆಯಲ್ಲಿ ಜನನ ಮರಣ ರಿಜಿಸ್ಟರ್ ಕೇಳಿ. ಮನೆಯವರು ಕ್ರೈಸ್ತರಾಗಿದ್ದರೆ ಚರ್ಚಿನ ದೀಕ್ಷಾಸ್ನಾನದ ಪುಸ್ತಕದಲ್ಲಿ ತಂದೆಯ ಕೆಲಸವನ್ನೂ ಬರೆದಿರುತ್ತಾರೆ.

ಎಲ್ಲ ಸಿಕ್ಕಮೇಲೆ ಒಂದು ಎಚ್ಚರ. ಮುನಿಸ್ವಾಮಿ ಎಂಬ ಹೆಸರನ್ನು ಇಂಗ್ಲಿಷ್ ಗುಮಾಸ್ತರು ಮುನುಸಾಮಿ, ಮೂನಿಸಾಮಿ, ಮುನಿಶಾಮಿ ಅಂತ ಹೇಗೆ ಕೇಳಿಸಿತೋ ಹಾಗೆ ಬರೆದಿದ್ದಾರೆ. ಅದೇ ಹೆಸರಿನವರು ಒಂದೇ ಲೈನಿನಲ್ಲಿ ಐದಾರು ಜನ ಇರುತ್ತಿದ್ದರು. ಸೈನ್ಯದ ಕಾಗದದಲ್ಲಿರುವ ಮನುಷ್ಯ ಮತ್ತು ಗಣಿಯ ಕಾಗದದಲ್ಲಿರುವ ಮನುಷ್ಯ ಒಬ್ಬರೇ ಅಂತ ಹೇಳಬೇಕಾದರೆ ಹೆಸರಿನ ಜೊತೆ ತಂದೆಯ ಹೆಸರು, ಹುಟ್ಟಿದ ಊರು, ಅಂದಾಜು ವಯಸ್ಸು, ಇವುಗಳಲ್ಲಿ ಕನಿಷ್ಠ ಎರಡು ಕೂಡಿಬರಬೇಕು. ಬರದಿದ್ದರೆ ಎರಡನ್ನೂ ಬೇರೆ ಬೇರೆ ಹಾಳೆಯಲ್ಲಿಟ್ಟು, ನಡುವೆ ಪ್ರಶ್ನೆ ಚಿಹ್ನೆ ಹಾಕಿ, ಹುಡುಕಾಟ ಮುಂದುವರಿಸಿ.