ಜೊಲ್ಲು ಪರೀಕ್ಷೆ ಮಾಡಿಸಿದರೆ ಬಯಾಪ್ಸಿ ತಪ್ಪುತ್ತದೆಯೇ?

ಪ್ರಶ್ನೆ: ನಾಲಿಗೆಯ ಅಂಚಿನಲ್ಲಿ ಮೂರು ತಿಂಗಳಿಂದ ಬಿಳಿ ಕಲೆ ಇದೆ, ನೋವಿಲ್ಲ. ದಂತವೈದ್ಯರು ಬಯಾಪ್ಸಿ (ತುಣುಕು ತೆಗೆದು ಪರೀಕ್ಷೆ) ಮಾಡಿಸಿ ಎಂದಿದ್ದಾರೆ. ಅದರ ಬದಲು ಲಾಲಾರಸದಲ್ಲಿ, ಅಂದರೆ ಜೊಲ್ಲಿನಲ್ಲಿ, ರೋಗದ ಸುಳಿವು ಹುಡುಕುವ ಮಾರ್ಕರ್ ಪರೀಕ್ಷೆ ಸಾಲದೇ?

ಉತ್ತರ: ಸಾಲದು. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುವುದರಿಂದ ಬಿಡಿಸಿ ಹೇಳುತ್ತೇನೆ. ಕಲೆ ಕಣ್ಣಿಗೆ ಕಾಣುತ್ತಿರುವಾಗ ತಿಳಿಯಬೇಕಾದದ್ದು ಒಂದೇ: ಅಲ್ಲಿನ ಜೀವಕೋಶಗಳು ಕೆಟ್ಟಿವೆಯೇ, ಕೆಟ್ಟಿದ್ದರೆ ಪದರದ ಎಷ್ಟು ಆಳದವರೆಗೆ? ಮುಂದೆ ಕ್ಯಾನ್ಸರ್ ಆಗಬಲ್ಲ, ಡಿಸ್‌ಪ್ಲೇಸಿಯಾ ಎನ್ನುವ ಈ ಬದಲಾವಣೆಯ ದರ್ಜೆಯನ್ನು ಅಂಗಾಂಶದ ತುಣುಕು ನೋಡಿಯೇ ಹೇಳಬೇಕು. ಜೊಲ್ಲು ಇಡೀ ಬಾಯಿಯದು; ಆ ಒಂದು ಕಲೆಯಲ್ಲಿ ಏನಿದೆ ಎಂದು ಅದು ಹೇಳದು.

ಸಂಶೋಧಕರು ಅಳೆಯುವ ಮಾರ್ಕರ್‌ಗಳಲ್ಲಿ ಇಂಟರ್‌ಲ್ಯೂಕಿನ್-6, ಇಂಟರ್‌ಲ್ಯೂಕಿನ್-8 (ಉರಿಯೂತದ ಪ್ರೋಟೀನ್‌ಗಳು), ಎಂಎಂಪಿ-9 (ಅಂಗಾಂಶ ಕರಗಿಸುವ ಕಿಣ್ವ), ಮೈಕ್ರೋ ಆರ್‌ಎನ್‌ಎ-21 (ಜೀನ್‌ಗಳನ್ನು ಹತೋಟಿಯಲ್ಲಿಡುವ ಪುಟ್ಟ ಆರ್‌ಎನ್‌ಎ ತುಣುಕು) ಮುಖ್ಯವಾದವು. ಮೊದಲ ಮೂರೂ ವಸಡು ಊದಿಕೊಂಡರೂ ಏರುತ್ತವೆ. ವಸಡು ನೋಡದೆ ಕೊಟ್ಟ ವರದಿಗೆ ಬೆಲೆಯಿಲ್ಲ.

ಮಾದರಿ ಕೆಡುವುದೂ ಸುಲಭ. ಬೆಳಗಿನ ಹೊತ್ತು, ಕನಿಷ್ಠ ಒಂದು ಗಂಟೆ ತಿನ್ನದೆ, ಕುಡಿಯದೆ, ಹಲ್ಲುಜ್ಜದೆ, ತಂಬಾಕು ಮುಟ್ಟದೆ ಇರಬೇಕು. ನೀರಿನಲ್ಲಿ ಬಾಯಿ ಮುಕ್ಕಳಿಸಿ, ಸ್ವಲ್ಪ ಸುಧಾರಿಸಿಕೊಂಡು, ತಲೆ ಬಗ್ಗಿಸಿ ಕೂತು, ತಾನಾಗಿ ಸೇರಿದ ಜೊಲ್ಲನ್ನು ಮಂಜುಗಡ್ಡೆಯಲ್ಲಿಟ್ಟ ಟ್ಯೂಬಿಗೆ ಬಿಡಬೇಕು. ಗಂಟಲು ಕ್ಯಾಕರಿಸಿದರೆ ಕಫ ಸೇರುತ್ತದೆ. ರಕ್ತದ ಎಳೆ ಕಂಡರೆ ಆ ಮಾದರಿ ಚೆಲ್ಲಿ. ತಡಮಾಡದೆ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಂಟ್ರಿಫ್ಯೂಜ್ ಮಾಡಿ (ಯಂತ್ರದಲ್ಲಿ ರಭಸವಾಗಿ ತಿರುಗಿಸಿ), ಮೇಲಿನ ತಿಳಿಯನ್ನು ಮೈನಸ್ 80 ಡಿಗ್ರಿಯಲ್ಲಿಡಬೇಕು. ಇಲ್ಲದಿದ್ದರೆ ಜೊಲ್ಲಿನ ಕಿಣ್ವಗಳೇ ಪ್ರೋಟೀನನ್ನೂ ಆರ್‌ಎನ್‌ಎಯನ್ನೂ ತಿಂದುಹಾಕುತ್ತವೆ. ಮನೆಯಲ್ಲೇ ಉಗುಳಿ ಅಂಚೆಗೆ ಹಾಕಿ ಎನ್ನುವ ಕಿಟ್‌ನವರನ್ನು ಈ ಬಗ್ಗೆ ಕೇಳಿ ನೋಡಿ.

ಎಲ್ಲವೂ ಸರಿಯಾಗಿದೆ ಎಂದೇ ಇಟ್ಟುಕೊಳ್ಳೋಣ. 1000 ಜನರಲ್ಲಿ 10 ಮಂದಿಗೆ ನಿಜವಾದ ತೊಂದರೆ ಇದೆ ಎನ್ನಿ. ಪರೀಕ್ಷೆ ರೋಗಿಗಳಲ್ಲೂ ಆರೋಗ್ಯವಂತರಲ್ಲೂ ನೂರಕ್ಕೆ 90ರಷ್ಟು ಸರಿ. ಆಗ 9 ರೋಗಿಗಳು ಸಿಗುತ್ತಾರೆ, ಅವರ ಜತೆ ಏನೂ ಇಲ್ಲದ 99 ಮಂದಿ ಹೆದರಿ ಕೂರುತ್ತಾರೆ. ನನಗೆ ಅದಕ್ಕಿಂತ ಭಯ ಆ ತಪ್ಪಿಹೋದ ಒಬ್ಬರದು. ‘ನೆಗೆಟಿವ್’ ಕಾಗದ ಹಿಡಿದು ಅವರು ತಿಂಗಳುಗಟ್ಟಲೆ ಸುಮ್ಮನಿರುತ್ತಾರೆ. ಅಮೆರಿಕನ್ ಡೆಂಟಲ್ ಅಸೋಸಿಯೇಷನ್‌ನ 2017ರ ಮಾರ್ಗಸೂಚಿಯೂ ಇಂಥ ಕಲೆಗಳ ತಪಾಸಣೆಗೆ ಲಾಲಾರಸ ಪರೀಕ್ಷೆಯನ್ನು ಶಿಫಾರಸು ಮಾಡಲಿಲ್ಲ.

ಚೂಪು ಹಲ್ಲು ತಾಗುತ್ತಿದ್ದರೆ ಅದರ ಚೂಪು ತೆಗೆಸಿ ಎರಡು ವಾರ ನೋಡುವುದುಂಟು. ನಿಮ್ಮದು ಮೂರು ತಿಂಗಳು, ಅದೂ ನಾಲಿಗೆಯ ಅಂಚು, ಅಪಾಯದ ಜಾಗ. ಇದೇ ವಾರ ಹೋಗಿ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಕೆಲವು ಮಿಲಿಮೀಟರ್ ತುಣುಕು ತೆಗೆಯುತ್ತಾರೆ. ಬಿಳಿಯ ನಡುವೆ ಕೆಂಪಗೆ ಅಥವಾ ಒರಟಾಗಿರುವ ಭಾಗವಿದ್ದರೆ ಅದೂ ತುಣುಕಿನಲ್ಲಿ ಬರಬೇಕು. ತುಣುಕು, ಅಂಗಾಂಶ ಕೆಡದಂತೆ ಕಾಯುವ 10% ಫಾರ್ಮಲಿನ್ ದ್ರವಕ್ಕೆ ಹೋಗಬೇಕು, ಅದರ ಗಾತ್ರದ ಹತ್ತು ಪಟ್ಟಾದರೂ ದ್ರವವಿರಲಿ. ಸಲೈನ್‌ನಲ್ಲಿ (ಉಪ್ಪುನೀರಿನಲ್ಲಿ) ಬಿಟ್ಟರೆ ಕೊಳೆಯುತ್ತದೆ. ಡಿಸ್‌ಪ್ಲೇಸಿಯಾ ಇಲ್ಲ ಎಂದು ಬಂದರೂ ಕಲೆ ಉಳಿದಿರುವಷ್ಟು ಕಾಲ ತಪಾಸಣೆ ತಪ್ಪಿಸಬೇಡಿ.

ಪ್ರಶ್ನೆ: ಬಯಾಪ್ಸಿಗೆ ಕತ್ತರಿಸಿದರೆ ಕ್ಯಾನ್ಸರ್ ಹರಡುತ್ತದಂತೆ?

ಉತ್ತರ: ಶುದ್ಧ ಸುಳ್ಳು. ಈ ಮಾತಿಗೆ ಹೆದರಿ ತಡಮಾಡಿದವರಲ್ಲೇ ರೋಗ ಬೆಳೆಯುವುದು.

ಪ್ರಶ್ನೆ: ಮೂಲಿಕೆ ಲೇಪದಿಂದ ಕಲೆ ಕರಗಿಸುತ್ತೇವೆ ಎನ್ನುತ್ತಾರೆ.

ಉತ್ತರ: ಹಚ್ಚಬೇಡಿ. ಸುಡುವ ಲೇಪ ಮೇಲಿನ ಬಿಳಿ ಪದರವನ್ನು ಕಿತ್ತು, ಕೆಳಗಿನದನ್ನು ಮರೆಮಾಡುತ್ತದೆ. ಅಂಥವರಿಗೆ ಬಾಯಿ ತೋರಿಸುವುದೇ ತಪ್ಪು.

ಪ್ರಶ್ನೆ: ನನ್ನದು ಬಿಳಿಯಲ್ಲ, ಕೆಂಪು ಕಲೆ. ಚಿಂತೆ ಕಡಿಮೆ ತಾನೇ?

ಉತ್ತರ: ಹೆಚ್ಚು. ಬೇರೆ ಕಾರಣ ಕಾಣದೆ ಉಳಿದ ಕೆಂಪು ಕಲೆ ಬಿಳಿಗಿಂತ ಅಪಾಯಕಾರಿ; ನಾಳೆಯೇ ತೋರಿಸಿ.