ಬೋರ್ಡ್ ನೋಡಬೇಡಿ, ಒಳಗೆ ಹೋಗಿ ಕೂತು ನೋಡಿ

ಅಕ್ಕಾರೆ, ವಿಜಯಪುರದಲ್ಲಿ ನಿಮ್ಮ ಎರಡೂವರೆ ವರ್ಷದ ಮಗಳಿಗೆ ನೋಡಿದ ಮಾಂಟೆಸ್ಸರಿಯಲ್ಲಿ ಈಗಿನಿಂದಲೇ ಎಬಿಸಿಡಿ ಬರೆಸಿ ಹೋಮ್‌ವರ್ಕ್ ಕೊಡುತ್ತಾರಂತೆ, ಸೇರಿಸಬಹುದಾ ಅಂತ ಕೇಳಿದ್ದೀರಿ. ನಾನಾದರೆ ಸೇರಿಸುವುದಿಲ್ಲ. ಮಾಂಟೆಸ್ಸರಿ ಅಂದರೆ ಮಕ್ಕಳು ಸಾಮಾನು ಮುಟ್ಟಿ, ತಾವೇ ಮಾಡಿ ಕಲಿಯುವ ಪದ್ಧತಿ. ಆದರೆ ಆ ಹೆಸರನ್ನು ಯಾರು ಬೇಕಾದರೂ ಬೋರ್ಡಿಗೆ ಹಾಕಿಕೊಳ್ಳಬಹುದು.

ಬೇರೆ ಕಡೆ ಫೀಸ್ ಕಟ್ಟುವ ಮೊದಲು, ಬೆಳಿಗ್ಗೆ ಒಂದು ತಾಸು ಕೂತು ನೋಡಲು ಬಿಡ್ತೀರಾ ಅಂತ ಕೇಳಿ. ಎರಡೂವರೆ-ಮೂರರಿಂದ ಆರು ವರ್ಷದವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿರಬೇಕು. ಕಲಿಯುವ ಸಾಮಾನು ಅವರ ಕೈಗೆ ಎಟುಕುವಂತಿರಬೇಕು, ಬೀಗ ಹಾಕಿದ ಗಾಜಿನ ಕಪಾಟಿನಲ್ಲಲ್ಲ. ಗುಲಾಬಿ ಗೋಪುರ ಇದೆಯಾ ನೋಡಿ. ಮರದ ಹತ್ತು ಘನಗಳು, 1 ಸೆಂ.ಮೀ.ನಿಂದ 10 ಸೆಂ.ಮೀ.ವರೆಗೆ. ಚಿಕ್ಕದರ ಮೇಲೆ ದೊಡ್ಡದಿಟ್ಟರೆ ತಪ್ಪು ಮಗುವಿನ ಕಣ್ಣಿಗೇ ಬೀಳುತ್ತದೆ, ಟೀಚರ್ ಬಾಯಿ ಹಾಕಬೇಕಿಲ್ಲ. ಅಕ್ಷರವನ್ನೂ ಮೊದಲು ಸ್ಯಾಂಡ್‌ಪೇಪರ್ ಮೇಲೆ ಬೆರಳಾಡಿಸಿ ಕಲಿಯುತ್ತಾರೆ. ಪೆನ್ಸಿಲ್‌ನಲ್ಲಿ ಬರೆಯುವುದು ಆಮೇಲೆ. ಟೀಚರ್ ಮಾಂಟೆಸ್ಸರಿ ಟ್ರೇನಿಂಗ್ ಎಲ್ಲಿ ಮುಗಿಸಿದ್ದಾರೆ ಅಂತ ಕೇಳೋಕೆ ಸಂಕೋಚ ಬೇಡ.

ಫೀಸ್ ಜಾಸ್ತಿ ಇದ್ದರೆ ಒಳ್ಳೆಯದೇ ಇರಬೇಕು ಅಂದುಕೊಳ್ಳಬೇಡಿ. ಈ ಪದ್ಧತಿ ಹುಟ್ಟುಹಾಕಿದ ಮಾರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ ಇದನ್ನು ಶುರು ಮಾಡಿದ್ದೇ ದುಡಿಯುವ ಬಡವರ ಮಕ್ಕಳಿಗೆ, ಅಲ್ವಾ?

ಸರಿಯಾದದ್ದು ಸಿಗದಿದ್ದರೆ ಹತ್ತಿರದ ಅಂಗನವಾಡಿಯನ್ನೂ ನೋಡಿ, ಮನೆಯಲ್ಲೂ ಕೆಲಸ ಕೊಡಿ. ಸಣ್ಣ ತಂಬಿಗೆಯಿಂದ ಲೋಟಕ್ಕೆ ನೀರು ಹಾಕಲಿ, ಚೆಲ್ಲಿದರೆ ತಾನೇ ಒರೆಸಲಿ. ಜೋಳ, ಕಡಲೆ ಬೆರೆಸಿ ಕೊಟ್ಟರೆ ಬೇರೆ ಬೇರೆ ಮಾಡುತ್ತಾಳೆ. ಪಕ್ಕದಲ್ಲೇ ಕೂತಿರಿ ಮತ್ತೆ, ಈ ವಯಸ್ಸಿನವರು ಕಾಳನ್ನು ಸೀದಾ ಮೂಗಿಗೆ ಹಾಕಿಕೊಳ್ಳುತ್ತಾರೆ.